ಈಸ್ಟೋ ವೆಸ್ಟೋ? ಮುಂಬೈಯಲ್ಲಿ ಕಡಿಮೆ ಖರ್ಚಿನ ಓಡಾಟ

ಮುಂಬೈಯಲ್ಲಿರುವ ನೆಂಟರನ್ನು ಮನೆಯ ವಿಳಾಸ ಕೇಳಿದರೆ ಅವರು ಮೊದಲು ಹೇಳುವುದು ರೈಲ್ವೆ ಸ್ಟೇಷನ್ನಿನ ಹೆಸರು. ಅದರ ಬೆನ್ನಿಗೇ ‘ಈಸ್ಟ್’ ಅಥವಾ ‘ವೆಸ್ಟ್’ ಎಂಬ ಮಾತು ಬರುತ್ತದೆ. ಅಂಧೇರಿ ಈಸ್ಟ್, ಬೋರಿವಲಿ ವೆಸ್ಟ್, ಘಾಟ್ಕೋಪರ್ ಈಸ್ಟ್. ರಸ್ತೆ, ಸೊಸೈಟಿ, ಫ್ಲ್ಯಾಟ್ ನಂಬರು ಎಲ್ಲ ಆಮೇಲೆ. ಹೊಸಬರು ಈ ಮಾತನ್ನು ಸರಿಯಾಗಿ ಕೇಳಿಸಿಕೊಂಡರೆ ಅರ್ಧ ದಾರಿ ಗೊತ್ತಾದಂತೆ. ಮದುವೆಗೆ, ಸಂದರ್ಶನಕ್ಕೆ, ಪರೀಕ್ಷೆಗೆ, ಆಸ್ಪತ್ರೆಗೆ, ಇಲ್ಲವೇ ಸುಮ್ಮನೆ ಊರು ನೋಡಲು ಎರಡು ಮೂರು ದಿನಕ್ಕೆ ಮುಂಬೈಗೆ ಹೋಗುವವರು ಈ ನಗರವನ್ನು ಸ್ಟೇಷನ್ನುಗಳ ಲೆಕ್ಕದಲ್ಲಿ ನೋಡುವುದನ್ನು ಕಲಿತರೆ ಓಡಾಟದ ಖರ್ಚು ದಿನಕ್ಕೆ ನೂರು ರೂಪಾಯಿ ದಾಟುವುದೇ ಕಷ್ಟ. ರಸ್ತೆಯ ಲೆಕ್ಕದಲ್ಲಿ ನೋಡಿದರೆ ಅದೇ ದಿನಕ್ಕೆ ಸಾವಿರ ರೂಪಾಯಿ ಸಾಲದು, ಹೊತ್ತೂ ಹಾಳು.

ಇದಕ್ಕೆ ಕಾರಣ ಊರಿನ ನೆಲದಲ್ಲೇ ಇದೆ. ಮುಂಬೈ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡ ಕಿರಿದಾದ ನೆಲ. ಬೋರಿಬಂದರಿನಿಂದ ಥಾಣೆಗೆ 1853ರ ಏಪ್ರಿಲ್ 16ರಂದು ಮೊದಲ ಪ್ರಯಾಣಿಕರ ರೈಲು ಓಡಿತು. ಊರು ಬೆಳೆದದ್ದು ಹಳಿಗಳ ಅಕ್ಕಪಕ್ಕದಲ್ಲೇ. 1925ರ ಫೆಬ್ರವರಿ 3ರಂದು ವಿದ್ಯುತ್ ರೈಲು ಬಂತು. ಈಗ ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಲೋಕಲ್‌ನಲ್ಲಿ ಓಡಾಡುತ್ತಾರೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವುದು ಇಲ್ಲಿ ಅಗ್ಗ, ವೇಗ. ಪೂರ್ವದಿಂದ ಪಶ್ಚಿಮಕ್ಕೆ ಅಡ್ಡ ಹಾಯುವುದೇ ನಿಧಾನ ಮತ್ತು ದುಬಾರಿ. ಟ್ಯಾಕ್ಸಿಗೆ ಹಣ ಸುರಿಯುವ ಹೊಸಬರು ಹೆಚ್ಚಾಗಿ ಸುರಿಯುವುದು ಈ ಅಡ್ಡ ದಾರಿಗಳ ಟ್ರಾಫಿಕ್ಕಿನಲ್ಲಿ.

ಲೋಕಲ್ ಮಾರ್ಗಗಳಲ್ಲಿ ಮೂರನ್ನು ನೆನಪಿಟ್ಟುಕೊಂಡರೆ ಸಾಕು. ವೆಸ್ಟರ್ನ್ ಲೈನ್ ಚರ್ಚ್‌ಗೇಟ್‌ನಿಂದ ಹೊರಟು ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿ ದಾಟಿ ವಿರಾರ್ ಕಡೆಗೆ ಹೋಗುತ್ತದೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ, ಅಂದರೆ ಹಳಬರು ಇಂದಿಗೂ ವಿ.ಟಿ. ಎನ್ನುವ ಸ್ಟೇಷನ್ನಿನಿಂದ, ದಾದರ್, ಕುರ್ಲಾ, ಘಾಟ್ಕೋಪರ್, ಥಾಣೆ ಮಾರ್ಗವಾಗಿ ಕಲ್ಯಾಣ್‌ಗೆ ಹೋಗಿ ಅಲ್ಲಿಂದ ಕಸಾರಾ ಮತ್ತು ಕರ್ಜತ್ ಕಡೆಗೆ ಕವಲಾಗುತ್ತದೆ. ಹಾರ್ಬರ್ ಲೈನ್ ಕೂಡ ಸಿಎಸ್‌ಎಂಟಿಯಿಂದಲೇ ಹೊರಡುತ್ತದೆ. ವಡಾಲಾದಲ್ಲಿ ಒಡೆದು ಒಂದು ಕವಲು ಕುರ್ಲಾ, ವಾಶಿ ದಾಟಿ ಪನ್ವೇಲ್‌ಗೂ ಇನ್ನೊಂದು ಬಾಂದ್ರಾ, ಅಂಧೇರಿ ದಾಟಿ ಗೋರೆಗಾಂವ್‌ಗೂ ಹೋಗುತ್ತದೆ. ವೆಸ್ಟರ್ನ್ ಮತ್ತು ಸೆಂಟ್ರಲ್ ಕೂಡುವುದು ದಾದರ್‌ನಲ್ಲಿ. ಸೆಂಟ್ರಲ್ ಮತ್ತು ಹಾರ್ಬರ್ ಕೂಡುವುದು ಕುರ್ಲಾದಲ್ಲಿ. ಥಾಣೆಯಿಂದ ವಾಶಿ, ಪನ್ವೇಲ್ ಕಡೆಗೆ ನೇರ ಹೋಗುವ ಟ್ರಾನ್ಸ್ ಹಾರ್ಬರ್ ಮಾರ್ಗವೂ ಇದೆ. ನವಿ ಮುಂಬೈಯಲ್ಲಿ ನೆಂಟರಿದ್ದರೆ ಅದು ನಿಮಗೆ ಬೇಕಾಗುತ್ತದೆ.

ಈ ನಕ್ಷೆ ಮನಸ್ಸಿನಲ್ಲಿದ್ದರೆ ಊರಿನಿಂದ ಬರುವ ರೈಲಿನಿಂದ ಎಲ್ಲಿ ಇಳಿಯಬೇಕು ಎಂಬುದೂ ತಿಳಿಯುತ್ತದೆ. ಕೊನೆಯ ಸ್ಟೇಷನ್ನಿನವರೆಗೂ ಹೋಗಲೇಬೇಕೆಂದಿಲ್ಲ. ಬೆಂಗಳೂರು, ರಾಯಚೂರು, ಕಲಬುರಗಿಗಳಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬರುವವರು ಡೊಂಬಿವಲಿ ಕಡೆ ಹೋಗುವುದಿದ್ದರೆ ಕಲ್ಯಾಣ್‌ನಲ್ಲೇ ಇಳಿಯುವುದು ಜಾಣತನ. ಸಿಎಸ್‌ಎಂಟಿ ಮುಟ್ಟಿ ಅದೇ ದಾರಿಯಲ್ಲಿ ವಾಪಸು ಬಂದರೆ ಎರಡು ಗಂಟೆ ಹೋಯಿತು. ಕರಾವಳಿಯಿಂದ ಕೊಂಕಣ ರೈಲಿನಲ್ಲಿ ಬರುವವರಿಗೆ ಪನ್ವೇಲ್ ಮತ್ತು ಥಾಣೆ ಮೊದಲು ಸಿಗುತ್ತವೆ. ವಾಶಿ, ನೆರೂಲ್ ಕಡೆಯವರಿಗೆ ಪನ್ವೇಲ್ ಹತ್ತಿರ. ಆ ದಾರಿಯ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂದು ನಿಲ್ಲುವ ಲೋಕಮಾನ್ಯ ತಿಲಕ್ ಟರ್ಮಿನಸ್ ಊರಿನ ಮಧ್ಯದಲ್ಲಿಲ್ಲ, ಕುರ್ಲಾದ ಪಕ್ಕದಲ್ಲಿದೆ. ಹೊರಬಂದ ಕೂಡಲೇ ಟ್ಯಾಕ್ಸಿಯವರು ಸುತ್ತುವರಿಯುತ್ತಾರೆ. ಸಾಮಾನು ಹಗುರವಾಗಿದ್ದರೆ ಹಾರ್ಬರ್ ಲೈನಿನ ತಿಲಕ್ ನಗರ ಸ್ಟೇಷನ್ನಿಗೆ ನಡೆದೇ ಹೋಗಬಹುದು, ಇಲ್ಲವೇ ಮೀಟರ್ ಹಾಕಿಸಿ ಆಟೋದಲ್ಲಿ ಕುರ್ಲಾ ಸ್ಟೇಷನ್ ಸೇರಬಹುದು.

ಇನ್ನು ಟಿಕೆಟ್. ಸೆಕೆಂಡ್ ಕ್ಲಾಸಿನ ಕನಿಷ್ಠ ದರ 5 ರೂಪಾಯಿ, ಅದು ಹತ್ತು ಕಿಲೋಮೀಟರ್‌ವರೆಗೆ. ದಾದರ್‌ನಿಂದ ಸಿಎಸ್‌ಎಂಟಿಗೆ ಅಷ್ಟೇ. 34 ಕಿಲೋಮೀಟರ್ ದೂರದ ಥಾಣೆಯಿಂದ ಸಿಎಸ್‌ಎಂಟಿಗೆ 15 ರೂಪಾಯಿ. ದೇಶದ ಇಷ್ಟು ದೊಡ್ಡ ನಗರದಲ್ಲಿ ಕೂಲಿ ಮಾಡುವವರೂ ದಿನಾ ಐವತ್ತು ಕಿಲೋಮೀಟರ್ ಓಡಾಡಿ ಬದುಕಲು ಸಾಧ್ಯವಾಗಿರುವುದು ಈ ದರದಿಂದ. ಇದನ್ನು ನಾನು ಮುಂಬೈಯ ಅತಿದೊಡ್ಡ ಸೌಲಭ್ಯವೆಂದೇ ಭಾವಿಸುತ್ತೇನೆ. ಫಸ್ಟ್ ಕ್ಲಾಸ್ ಮತ್ತು ಎ.ಸಿ. ಲೋಕಲ್‌ಗಳ ದರ ಇದರ ಹಲವು ಪಟ್ಟು. ಆದರೂ ಬಿರುಬೇಸಿಗೆಯ ಮಧ್ಯಾಹ್ನ ವಯಸ್ಸಾದವರು ಜೊತೆಗಿದ್ದರೆ ಎ.ಸಿ. ಲೋಕಲ್‌ಗೆ ಕೊಡುವ ಹಣ ದಂಡವಲ್ಲ, ಟ್ಯಾಕ್ಸಿಗಿಂತ ಅದು ಎಷ್ಟೋ ಕಡಿಮೆ.

ಕೌಂಟರಿನ ಸಾಲು ಉದ್ದವಿರುತ್ತದೆ. ರೈಲ್ವೆಯ ರೈಲ್‌ಒನ್ ಆಪ್‌ನಲ್ಲಿ ಟಿಕೆಟ್ ಮಾಡಬಹುದು. ಆದರೆ ಸ್ಟೇಷನ್ನಿನ ಒಳಗೆ ನಿಂತು ಮಾಡಲು ಹೋದರೆ ಆಪ್ ಒಪ್ಪುವುದಿಲ್ಲ, ಹಳಿಯಿಂದ ಸ್ವಲ್ಪ ದೂರ ಇರುವಾಗಲೇ ಮಾಡಿಟ್ಟುಕೊಳ್ಳಬೇಕು. ಟಿಕೆಟ್ ಯಂತ್ರಗಳ ಪಕ್ಕದಲ್ಲಿ ರೈಲ್ವೆಯೇ ನೇಮಿಸಿದ ಸಹಾಯಕರು, ಹೆಚ್ಚಾಗಿ ನಿವೃತ್ತ ನೌಕರರು, ನಿಂತಿರುತ್ತಾರೆ. ಚಿಲ್ಲರೆ ಕೊಟ್ಟರೆ ಕ್ಷಣದಲ್ಲಿ ಟಿಕೆಟ್ ತೆಗೆದುಕೊಡುತ್ತಾರೆ. ಲೋಕಲ್ ಟಿಕೆಟ್ ಕೊಂಡ ಒಂದು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಹಾಗಾಗಿ ಬೆಳಿಗ್ಗೆಯೇ ಸಂಜೆಯ ಟಿಕೆಟ್ ಮಾಡಿಟ್ಟುಕೊಂಡರೆ ಉಪಯೋಗವಿಲ್ಲ.

ಪ್ರವಾಸಿಗರಿಗೆಂದೇ ಒಂದು, ಮೂರು ಮತ್ತು ಐದು ದಿನದ ಟೂರಿಸ್ಟ್ ಪಾಸುಗಳಿವೆ. ಸೆಕೆಂಡ್ ಕ್ಲಾಸಿನಲ್ಲಿ ಇವುಗಳ ದರ 75, 115, 135 ರೂಪಾಯಿಗಳ ಆಸುಪಾಸು. ಲೋಕಲ್ ಮಾರ್ಗಗಳಲ್ಲೆಲ್ಲ ಎಷ್ಟು ಸಲ ಬೇಕಾದರೂ ಹತ್ತಿಳಿಯಬಹುದು. ಇಲ್ಲಿ ಲೆಕ್ಕ ಹಾಕಬೇಕು. ಐದು, ಹತ್ತು ರೂಪಾಯಿಯ ಟಿಕೆಟ್ಟುಗಳ ಊರಿನಲ್ಲಿ ಒಂದೇ ದಿನ 75 ರೂಪಾಯಿಯಷ್ಟು ಓಡಾಡುವುದು ಕಷ್ಟ, ಆದ್ದರಿಂದ ಒಂದು ದಿನದ ಪಾಸು ಲಾಭವಲ್ಲ. ಮೂರು ದಿನಕ್ಕಿಂತ ಐದು ದಿನದ್ದಕ್ಕೆ ಹೆಚ್ಚು ಕೊಡಬೇಕಾದ್ದು ಇಪ್ಪತ್ತೇ ರೂಪಾಯಿ. ನಾಲ್ಕು ದಿನ ಇರುವವರು ಕಣ್ಣುಮುಚ್ಚಿ ಅದನ್ನೇ ಕೊಳ್ಳಬಹುದು. ಹಣ ಉಳಿಯುವುದಕ್ಕಿಂತ ಪ್ರತಿ ಸಲ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ತಪ್ಪು ಪ್ಲಾಟ್‌ಫಾರಂ ಹತ್ತಿದರೂ, ಒಂದು ಸ್ಟೇಷನ್ ಮುಂದೆ ಹೋಗಿ ಹಿಂದೆ ಬಂದರೂ ಟಿಕೆಟ್ಟಿನ ಭಯವಿಲ್ಲ. ಹೊಸಬರಿಗೆ ಈ ನಿಶ್ಚಿಂತೆ ದೊಡ್ಡದು.

ಲೋಕಲ್ ಹತ್ತುವ ಮೊದಲು ಇಂಡಿಕೇಟರ್ ಓದಲು ಬರಬೇಕು. ಕೊನೆಯ ಸ್ಟೇಷನ್ನಿನ ಹೆಸರು, ಗಾಡಿ ಬರಲು ಎಷ್ಟು ನಿಮಿಷ, ಫಾಸ್ಟ್ ಅಥವಾ ಸ್ಲೋ, 12 ಡಬ್ಬಿಯೋ 15 ಡಬ್ಬಿಯೋ ಎಂಬುದನ್ನು ಅದು ತೋರಿಸುತ್ತದೆ. ಹೊಸಬರು ಹೆಚ್ಚು ಎಡವುವುದು ಫಾಸ್ಟ್–ಸ್ಲೋ ವಿಷಯದಲ್ಲಿ. ಸ್ಲೋ ಗಾಡಿ ಎಲ್ಲ ಕಡೆ ನಿಲ್ಲುತ್ತದೆ, ಫಾಸ್ಟ್ ಕೆಲವೇ ಕಡೆ. ಹಾಜಿ ಅಲಿಗೆ ಹತ್ತಿರವಾದ ಮಹಾಲಕ್ಷ್ಮಿ, ಟಾಟಾ ಆಸ್ಪತ್ರೆಗೆ ಹತ್ತಿರವಾದ ಪರೇಲ್, ನಮ್ಮವರ ಮಾಟುಂಗಾ, ಇವೆಲ್ಲ ಸ್ಲೋ ಗಾಡಿಯ ಸ್ಟೇಷನ್ನುಗಳು. ದೂರದಿಂದ ಬರುವವರು ದಾದರ್‌ವರೆಗೆ ಫಾಸ್ಟ್‌ನಲ್ಲಿ ಬಂದು ಅಲ್ಲಿ ಸ್ಲೋ ಹಿಡಿದರೆ ಹೊತ್ತು ಉಳಿಯುತ್ತದೆ. ಹಾಗೆಯೇ, ಬಾಂದ್ರಾದಲ್ಲೋ ಅಂಧೇರಿಯಲ್ಲೋ ಇಳಿಯುವವರು ಸಂಜೆ ವಿರಾರ್ ಫಾಸ್ಟ್ ಹತ್ತಬಾರದು. ಒಂದೂವರೆ ಗಂಟೆ ನಿಂತು ಮನೆಗೆ ಹೋಗುವವರ ಗಾಡಿ ಅದು. ಮಧ್ಯದಲ್ಲಿ ಇಳಿಯಲು ದಾರಿಯೂ ಸಿಗದು, ಅವರ ಬೈಗುಳದಲ್ಲಿ ನ್ಯಾಯವೂ ಇದೆ. ಬೋರಿವಲಿ ಅಥವಾ ಅಂಧೇರಿಗೇ ಮುಗಿಯುವ ಗಾಡಿಗಳು ಬೇಕಾದಷ್ಟಿವೆ. ಎಂ-ಇಂಡಿಕೇಟರ್ ಎಂಬ ಆಪ್ ಫೋನಿನಲ್ಲಿದ್ದರೆ ಎಲ್ಲ ಗಾಡಿಗಳ ಸಮಯ ಗೊತ್ತಾಗುತ್ತದೆ. ಮುಂಬೈಯವರೇ ನಂಬಿ ಬಳಸುವ ಆಪ್ ಅದು.

ಫಸ್ಟ್ ಕ್ಲಾಸ್ ಡಬ್ಬಿ ಹೊರಗಿನಿಂದ ನೋಡಲು ಸೆಕೆಂಡ್ ಕ್ಲಾಸಿನಂತೆಯೇ ಕಾಣುತ್ತದೆ. ಬಾಗಿಲ ಬಳಿಯ ಬರಹ ನೋಡದೆ ಹತ್ತಿದರೆ ದಂಡ ಬೀಳುತ್ತದೆ. ಮಹಿಳೆಯರ ಡಬ್ಬಿಗಳಿಗೆ ಗುರುತು ಇರುತ್ತದೆ. ಕೆಲವು ದಿನವಿಡೀ ಮಹಿಳೆಯರಿಗೇ ಮೀಸಲು, ಕೆಲವು ನಿಗದಿತ ಹೊತ್ತಿನಲ್ಲಿ ಮಾತ್ರ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ನನ್ನ ಸಲಹೆ ಒಂದೇ: ಮೊದಲ ದಿನದಿಂದಲೇ ಲೇಡೀಸ್ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಪ್ಲಾಟ್‌ಫಾರಂನಲ್ಲಿ ನಿಂತಿರುವ ಹೆಂಗಸರನ್ನು ಕೇಳಿ ಅಲ್ಲೇ ನಿಲ್ಲಿ. ಯಾವ ಕಡೆ ಇಳಿಯಬೇಕು, ಎಲ್ಲಿ ಸೇತುವೆ ಹತ್ತಬೇಕು ಎಂಬುದನ್ನೆಲ್ಲ ಆ ಡಬ್ಬಿಯವರೇ ಹೇಳಿ ಕಳಿಸುತ್ತಾರೆ. ಅಂಗವಿಕಲರಿಗೆ ಮತ್ತು ಕ್ಯಾನ್ಸರ್ ರೋಗಿಗಳಿಗೆ ಪ್ರತ್ಯೇಕ ಡಬ್ಬಿಯಿದೆ.

ಹೊತ್ತಿನ ಆಯ್ಕೆ ಟಿಕೆಟ್ಟಿಗಿಂತ ಮುಖ್ಯ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನ ದಕ್ಷಿಣದ ಕಡೆಗೆ, ಅಂದರೆ ಚರ್ಚ್‌ಗೇಟ್, ಸಿಎಸ್‌ಎಂಟಿಯತ್ತ ಹೋಗುತ್ತಾರೆ. ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ ಮರಳುತ್ತಾರೆ. ನೀವು ಇದಕ್ಕೆ ಎದುರು ದಿಕ್ಕಿನಲ್ಲಿ ಹೋಗುವಂತೆ ದಿನವನ್ನು ಜೋಡಿಸಿಕೊಳ್ಳಿ. ದಾದರ್‌ನಲ್ಲಿ ಉಳಿದವರು ಬೆಳಿಗ್ಗೆ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ, ಅದರೊಳಗಿನ ಕಾನ್ಹೇರಿ ಗುಹೆಗಳಿಗೆ ಹೊರಟರೆ ಸೀಟು ಸಿಗುವ ಸಾಧ್ಯತೆ ಹೆಚ್ಚು. ಸೋಮವಾರ ಮಾತ್ರ ಬೇಡ, ಅಂದು ಉದ್ಯಾನಕ್ಕೆ ರಜೆ. ಕೋಟೆ (ಫೋರ್ಟ್) ಪ್ರದೇಶವನ್ನು ನೋಡುವ ದಿನ ಹನ್ನೊಂದರ ಮೇಲೆ ಹೊರಟು ಸಂಜೆ ಐದರೊಳಗೆ ಮರಳಿ, ಇಲ್ಲವೇ ಮರೀನ್ ಡ್ರೈವ್‌ನಲ್ಲಿ ಕೂತು ರಾತ್ರಿ ಒಂಬತ್ತರ ಮೇಲೆ ಗಾಡಿ ಹಿಡಿಯಿರಿ. ಭಾನುವಾರ ಜನ ಕಡಿಮೆ ಎಂದುಕೊಂಡು ಹೋಗುವವರಿಗೆ ಇನ್ನೊಂದು ಎಚ್ಚರಿಕೆ: ಹಳಿ ದುರಸ್ತಿಗೆಂದು ಭಾನುವಾರ ‘ಮೆಗಾ ಬ್ಲಾಕ್’ ಇರುತ್ತದೆ. ಹಗಲು ಹಲವು ಗಂಟೆ ಕೆಲವು ಮಾರ್ಗಗಳಲ್ಲಿ ಗಾಡಿಗಳು ಕಡಿಮೆಯಾಗುತ್ತವೆ, ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ. ಯಾವ ಮಾರ್ಗದಲ್ಲಿ ಬ್ಲಾಕ್ ಎಂಬುದು ಶನಿವಾರವೇ ಪತ್ರಿಕೆಗಳಲ್ಲಿ, ಆಪ್‌ನಲ್ಲಿ ಬರುತ್ತದೆ.

ಗಾಡಿಯೊಳಗಿನ ರೀತಿ ರಿವಾಜು ಬೇಗ ಕಲಿಯಬಹುದು. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಬಿಡುವುದು ವಾಡಿಕೆ. ಇಳಿಯುವ ಸ್ಟೇಷನ್ನಿಗಿಂತ ಒಂದೆರಡು ಸ್ಟೇಷನ್ ಮೊದಲೇ ಬಾಗಿಲ ಕಡೆ ಸರಿಯಬೇಕು. ಮುಂದಿರುವವರನ್ನು ‘ದಾದರ್ ಉತರ್ನಾ ಹೈ ಕ್ಯಾ?’ ಎಂದು ಕೇಳಿದರೆ ಇಳಿಯದವರು ಪಕ್ಕಕ್ಕೆ ಸರಿದು ದಾರಿ ಕೊಡುತ್ತಾರೆ. ಕಿಟಕಿ, ಬಾಗಿಲ ಬಳಿ ಕೈಯಲ್ಲಿ ಫೋನ್ ಹಿಡಿದು ನಿಲ್ಲಬೇಡಿ, ಹಳಿಯ ಪಕ್ಕದಿಂದ ಕೋಲಿನಲ್ಲಿ ಹೊಡೆದು ಫೋನ್ ಬೀಳಿಸುವ ಕಳ್ಳರಿದ್ದಾರೆ.

ಬಾಗಿಲಲ್ಲಿ ಜೋತುಬೀಳುವ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 2025ರ ಜೂನ್ 9ರಂದು ಮುಂಬ್ರಾ ಬಳಿ ತಿರುವಿನಲ್ಲಿ ಎದುರುಬದುರಾದ ಎರಡು ಗಾಡಿಗಳ ಬಾಗಿಲಲ್ಲಿ ನಿಂತಿದ್ದವರು ಕೆಳಗೆ ಬಿದ್ದು ಜೀವ ಕಳೆದುಕೊಂಡರು. ಹೀಗೆ ಬಾಗಿಲಲ್ಲಿ ನಿಲ್ಲುವವರು ಹೆಚ್ಚಾಗಿ ದಿನಾ ಓಡಾಡಿ ಪಳಗಿದವರು. ಹೊಸಬರಿಗೆ ಆ ಅಭ್ಯಾಸವೂ ಇಲ್ಲ, ಆ ಅವಸರದ ಅಗತ್ಯವೂ ಇಲ್ಲ. ಮೂರು ನಾಲ್ಕು ನಿಮಿಷದಲ್ಲಿ ಮುಂದಿನ ಗಾಡಿ ಬರುತ್ತದೆ, ತುಂಬಿದ್ದನ್ನು ಬಿಟ್ಟುಬಿಡಿ. ಹಳಿ ದಾಟಿ ಹೋಗುವುದು ಬೇಡವೇ ಬೇಡ. ಎಷ್ಟು ಮೆಟ್ಟಿಲಿದ್ದರೂ ಸೇತುವೆಯನ್ನೇ ಹತ್ತಿ. ತೊಂದರೆಯಾದರೆ ರೈಲ್ವೆಯ ಸಹಾಯವಾಣಿ 139.

ಸೇತುವೆ ಅಂದಾಗ ಮತ್ತೆ ಈಸ್ಟ್–ವೆಸ್ಟ್‌ಗೆ ಬರೋಣ. ತಪ್ಪು ಕಡೆ ಇಳಿದರೆ ಕಣ್ಣೆದುರಿಗಿರುವ ಕಟ್ಟಡಕ್ಕೂ ಕಿಲೋಮೀಟರುಗಟ್ಟಲೆ ಸುತ್ತಬೇಕಾಗುತ್ತದೆ. ಹೋಗುವ ಜಾಗದ ಹೆಸರಿನ ಮುಂದೆ ಯಾವ ಸ್ಟೇಷನ್, ಯಾವ ಕಡೆ ಎಂದು ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಎರಡು ಸ್ಟೇಷನ್ನುಗಳೂ ಇವೆ: ಮಾಟುಂಗಾ ಸೆಂಟ್ರಲ್ ಲೈನಿನದು, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನದು. ದಾದರ್ ಎರಡೂ ಲೈನಿನದಾದರೂ ಈಗ ಪ್ಲಾಟ್‌ಫಾರಂ ನಂಬರುಗಳು ಒಂದರ ಮುಂದೆ ಒಂದು ಸೇರಿ ಸಾಗುತ್ತವೆ. 1ರಿಂದ 7 ವೆಸ್ಟರ್ನ್, 8ರಿಂದ ಮುಂದಿನವು ಸೆಂಟ್ರಲ್. 2023ರ ಡಿಸೆಂಬರ್‌ನಲ್ಲಿ ಆದ ಈ ಬದಲಾವಣೆ ಹೊಸಬರಿಗೆ ತುಂಬ ಅನುಕೂಲ.

ಅಡ್ಡ ದಾರಿಯ ಕಷ್ಟವನ್ನು ಮೆಟ್ರೋ ಕಡಿಮೆ ಮಾಡಿದೆ. 2014ರಲ್ಲಿ ಶುರುವಾದ ಮೊದಲ ಮಾರ್ಗ ವರ್ಸೋವಾದಿಂದ ಅಂಧೇರಿ ಮೂಲಕ ಘಾಟ್ಕೋಪರ್‌ಗೆ ಹೋಗಿ ವೆಸ್ಟರ್ನ್ ಮತ್ತು ಸೆಂಟ್ರಲ್ ಲೈನುಗಳನ್ನು ಜೋಡಿಸುತ್ತದೆ. ರಸ್ತೆಯಲ್ಲಿ ಒಂದು ಗಂಟೆ ಮೀರುತ್ತಿದ್ದ ದಾರಿ ಅದು. 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದ ಮೂರನೆಯ ಮಾರ್ಗ ನೆಲದಡಿಯದು. ಆರೇಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ಸ್ಟೇಷನ್, ಟಿಕೆಟ್ 10ರಿಂದ 70 ರೂಪಾಯಿ. ವಿಮಾನದಲ್ಲಿ ಬರುವವರಿಗೆ ಇದು ವರ. ಟರ್ಮಿನಲ್ ಒಂದಕ್ಕೂ ಎರಡಕ್ಕೂ ಸ್ಟೇಷನ್ ಇದೆ. ಅಲ್ಲಿಂದ ದಾದರ್, ಸಿದ್ಧಿವಿನಾಯಕ, ವರ್ಲಿ, ಚರ್ಚ್‌ಗೇಟ್, ಸಿಎಸ್‌ಎಂಟಿ ಎಲ್ಲಕ್ಕೂ ನೇರ ಹೋಗಬಹುದು. ಮೊದಲು ಐನೂರರ ಮೇಲೆ ಟ್ಯಾಕ್ಸಿಗೆ ಕೊಡುತ್ತಿದ್ದ ದಾರಿ ಇದು. ದೊಡ್ಡ ಸೂಟ್‌ಕೇಸ್ ಇರುವವರೂ ಲೋಕಲ್ ಬಿಟ್ಟು ಮೆಟ್ರೋ ಹಿಡಿಯುವುದೇ ಲೇಸು.

ನಗರ ಸಾರಿಗೆಯ ಬೆಸ್ಟ್ ಬಸ್ಸುಗಳ ದರ 2025ರ ಮೇ ತಿಂಗಳಲ್ಲಿ ಏರಿದರೂ ಮೊದಲ ಐದು ಕಿಲೋಮೀಟರಿಗೆ 10 ರೂಪಾಯಿ, ಎ.ಸಿ. ಬಸ್ಸಿಗೆ 12. ಸ್ಟೇಷನ್ನಿನಿಂದ ಹೋಗುವ ಜಾಗದವರೆಗಿನ ಕೊನೆಯ ಒಂದೆರಡು ಕಿಲೋಮೀಟರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಅನೇಕ ಬಸ್ಸುಗಳ ಎದುರಿನ ನಂಬರು ದೇವನಾಗರಿ ಅಂಕಿಗಳಲ್ಲಿರುತ್ತದೆ. ಮರಾಠಿ ಓದಲು ಬಾರದವರು ಆ ಹತ್ತು ಅಂಕಿಗಳನ್ನು ರೈಲಿನಲ್ಲೇ ಕೂತು ಕಲಿತುಬಿಡಿ, ಅಥವಾ ಬಸ್ಸು ಎಲ್ಲಿದೆ ಎಂದು ತೋರಿಸುವ ಚಲೋ ಆಪ್ ಇಟ್ಟುಕೊಳ್ಳಿ.

ಆಟೋ ಇಲ್ಲಿ ಎಲ್ಲ ಕಡೆ ಇಲ್ಲ. ಬಾಂದ್ರಾ ಮತ್ತು ಸಯನ್‌ಗಿಂತ ದಕ್ಷಿಣಕ್ಕೆ ಆಟೋಗಳಿಗೆ ಪ್ರವೇಶವಿಲ್ಲ, ಅಲ್ಲಿ ಕಪ್ಪು–ಹಳದಿ ಟ್ಯಾಕ್ಸಿ. 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ ಆಟೋಗೆ 26, ಟ್ಯಾಕ್ಸಿಗೆ 31 ರೂಪಾಯಿ. ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಕಾಲುಭಾಗ ಹೆಚ್ಚು. ಬೆಂಗಳೂರಿನವರಿಗೆ ಇದು ಸಮಾಧಾನದ ಸುದ್ದಿ: ಇಲ್ಲಿ ಮೀಟರ್ ಹಾಕುವುದು ಸಾಮಾನ್ಯ ಪದ್ಧತಿ, ಚೌಕಾಸಿ ಮಾಡಬೇಕಾದ್ದು ಅಪರೂಪ. ದೊಡ್ಡ ಸ್ಟೇಷನ್ನುಗಳ ಹೊರಗೆ ಮಾತ್ರ ಜಾಗ್ರತೆ. ಅಲ್ಲಿ ಕೂಗಿ ಕರೆಯುವವರನ್ನು ಬಿಟ್ಟು ನೂರು ಹೆಜ್ಜೆ ನಡೆದು ಓಡಾಡುತ್ತಿರುವ ಟ್ಯಾಕ್ಸಿಗೆ ಕೈ ತೋರಿಸಿ. ಚರ್ಚ್‌ಗೇಟ್‌ನಿಂದ ನರಿಮನ್ ಪಾಯಿಂಟ್‌ಗೆ ಶೇರ್ ಟ್ಯಾಕ್ಸಿ, ಬಾಂದ್ರಾ ಈಸ್ಟ್‌ನಿಂದ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿಗೆ (ಬಿ.ಕೆ.ಸಿ.) ಶೇರ್ ಆಟೋ ಸಿಗುತ್ತವೆ. ಸಾಲಿನಲ್ಲಿ ನಿಂತರೆ ಸಾಕು.

ದಕ್ಷಿಣ ಮುಂಬೈಯಲ್ಲಿ ಮಾತ್ರ ಯಾವ ವಾಹನವೂ ಬೇಡ, ನಡೆಯಿರಿ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸಿಎಸ್‌ಎಂಟಿಯಿಂದ ಹೊರಟು ಹುತಾತ್ಮ ಚೌಕ, ಕಾಲಾ ಘೋಡಾ, ಹಣ ಕೇಳದೆ ಒಳಬಿಡುವ ಜಹಾಂಗೀರ್ ಆರ್ಟ್ ಗ್ಯಾಲರಿ ನೋಡುತ್ತ ಗೇಟ್‌ವೇ ಆಫ್ ಇಂಡಿಯಾ ತಲುಪಬಹುದು. ಎಲಿಫೆಂಟಾ ದೋಣಿ ಅಲ್ಲಿಂದಲೇ, ಸೋಮವಾರ ಗುಹೆಗಳಿಗೆ ರಜೆ. ಹಿಂದಿರುಗುವಾಗ ಓವಲ್ ಮೈದಾನದ ಒಂದು ಬದಿಗೆ ಗಾಥಿಕ್ ಕಟ್ಟಡಗಳು, ಇನ್ನೊಂದು ಬದಿಗೆ ಆರ್ಟ್ ಡೆಕೊ ಮನೆಗಳು. ಎರಡೂ ಸೇರಿ 2018ರಲ್ಲಿ ವಿಶ್ವ ಪರಂಪರೆ ಎನಿಸಿಕೊಂಡವು. ಅಲ್ಲಿಂದ ಮರೀನ್ ಡ್ರೈವ್ ಹತ್ತೇ ನಿಮಿಷ. ಇಡೀ ದಿನದ ಈ ಸುತ್ತಾಟಕ್ಕೆ ದಾದರ್‌ನಲ್ಲಿ ಉಳಿದವರಿಗೆ ತಗಲುವ ಪ್ರಯಾಣದ ಖರ್ಚು ಹತ್ತು ರೂಪಾಯಿ. ದೋಣಿಯದು ಬೇರೆ.

ಉಳಿಯುವ ಜಾಗ ಹುಡುಕುವಾಗ ಬಾಡಿಗೆಯೊಂದನ್ನೇ ನೋಡಬೇಡಿ. ವಿರಾರ್‌ನಲ್ಲೋ ಪನ್ವೇಲ್‌ನಲ್ಲೋ ಐನೂರು ಕಡಿಮೆ ಎಂದು ಕೋಣೆ ಹಿಡಿದರೆ ದಿನಕ್ಕೆ ಮೂರು ಗಂಟೆ ಗಾಡಿಯಲ್ಲೇ ಕಳೆಯುತ್ತದೆ. ದಾದರ್, ಮಾಟುಂಗಾ, ಸಯನ್ ಸುತ್ತಮುತ್ತ ಹುಡುಕಿ. ರೈಲು ಟಿಕೆಟ್ ಇರುವವರಿಗೆ ಸಿಎಸ್‌ಎಂಟಿ, ಮುಂಬೈ ಸೆಂಟ್ರಲ್‌ಗಳಲ್ಲಿ ರೈಲ್ವೆಯ ರಿಟೈರಿಂಗ್ ರೂಮು, ಡಾರ್ಮಿಟರಿಗಳಿವೆ. ಒಂದೇ ಹಗಲಿನ ಕೆಲಸವಿದ್ದರೆ ಕೋಣೆಯೇ ಬೇಡ, ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬೀಗ ಹಾಕಿದ ಬ್ಯಾಗ್ ಇಟ್ಟು ಹೋಗಬಹುದು. ಮಾಟುಂಗಾದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಅಲ್ಲಿದೆ. ಸ್ಟೇಷನ್ ಎದುರಿನ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆಯ ಊಟ ಇಂದಿಗೂ ಸಿಗುತ್ತದೆ. ದಾರಿ ಕೇಳಬೇಕಾದಾಗ ಈ ಭಾಗದ ಯಾವ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯೂ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿ ನೋಡಿ.

ಚಿಕಿತ್ಸೆಗೆ ಬರುವವರ ಮಾತು ಬೇರೆ. ಟಾಟಾ ಆಸ್ಪತ್ರೆಗೆಂದು ಉತ್ತರ ಕರ್ನಾಟಕದಿಂದ ಬರುವ ಬಡವರು ಖರ್ಚಿನ ಭಯದಿಂದ ರೋಗಿಯನ್ನು ನೂಕುನುಗ್ಗಲಿನ ಲೋಕಲ್‌ಗೆ ಹತ್ತಿಸಬಾರದು. ದಾದರ್‌ನಲ್ಲಿ ಇಳಿದರೆ ಆಸ್ಪತ್ರೆ ಹತ್ತಿರ, ಮೀಟರ್ ಟ್ಯಾಕ್ಸಿಗೆ ಹೆಚ್ಚು ಆಗುವುದಿಲ್ಲ. ಆ ಹಣವನ್ನು ಉಳಿಸಲು ಹೋಗಬೇಡಿ. ಜೊತೆಗೆ ಬಂದವರು ಆಮೇಲೆ ಔಷಧಿ, ಊಟ, ಕಾಗದಪತ್ರಕ್ಕೆಂದು ಓಡಾಡುವಾಗ ಐದು ರೂಪಾಯಿಯ ಲೋಕಲ್ ಇದ್ದೇ ಇದೆ. ಕ್ಯಾನ್ಸರ್ ರೋಗಿಗಳಿಗೂ ಜೊತೆಗಾರರೊಬ್ಬರಿಗೂ ಊರಿಗೆ ಹೋಗಿಬರುವ ರೈಲು ದರದಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಪಡೆಯುವುದನ್ನು ಮರೆಯಬೇಡಿ.

ಮಳೆಗಾಲದಲ್ಲಿ ಬರುವುದಾದರೆ ಯೋಜನೆ ಸಡಿಲವಾಗಿರಲಿ. ಜೋರು ಮಳೆಗೆ ಕುರ್ಲಾ, ಸಯನ್ ಸುತ್ತಮುತ್ತ ಹಳಿ ಮುಳುಗಿ ಗಾಡಿ ನಿಲ್ಲುವುದುಂಟು. ಸಂದರ್ಶನ, ಪರೀಕ್ಷೆ ಇದ್ದವರು ಹಿಂದಿನ ರಾತ್ರಿಯೇ ಆ ಜಾಗದ ಹತ್ತಿರದ ಸ್ಟೇಷನ್ ಸೇರಿಕೊಳ್ಳಬೇಕು. ರಾತ್ರಿ ಸುಮಾರು ಒಂದರಿಂದ ನಾಲ್ಕರವರೆಗೆ ಲೋಕಲ್ ಇರುವುದಿಲ್ಲ ಎಂಬುದೂ ನೆನಪಿರಲಿ.

ಊರಿಗೆ ಮರಳುವ ದಿನದ ಬಗ್ಗೆ ಮೊದಲೇ ಯೋಚಿಸಿ. ಬೆಳಿಗ್ಗೆ ಎಂಟರ ಆಸುಪಾಸಿನಲ್ಲಿ ಸಿಎಸ್‌ಎಂಟಿಯಿಂದ ಹೊರಡುವ ಗಾಡಿ ಹಿಡಿಯಲು ಥಾಣೆ, ಡೊಂಬಿವಲಿಗಳಿಂದ ಬ್ಯಾಗು ಹೊತ್ತು ಕಚೇರಿಯ ಜನರ ನಡುವೆ ದಕ್ಷಿಣಕ್ಕೆ ಬರುವುದು ಸುಮ್ಮನೆ ಹಿಂಸೆ. ಅದೇ ಗಾಡಿ ನಿಮ್ಮ ಕಡೆಗೇ ಬರುತ್ತದೆ. ಟಿಕೆಟ್ ಮಾಡುವಾಗಲೇ ಆ ಗಾಡಿ ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ, ದಾದರ್, ಥಾಣೆ, ಕಲ್ಯಾಣ್, ಪನ್ವೇಲ್‌ಗಳಲ್ಲಿ ಹತ್ತಿರವಾದದ್ದನ್ನು ಬೋರ್ಡಿಂಗ್ ಸ್ಟೇಷನ್ ಎಂದು ಹಾಕಿಸಿ.